ಕಾಯಿ ಇಳಿಸಿದ ಹೋಟೆಲು

ಹೆಲ್ತ್ ಇನ್ಸ್‌ಪೆಕ್ಟರ್ ಸದಾಶಿವಯ್ಯನವರು ಹೋಟೆಲಿನೊಳಗೆ ಬಂದವರು ಕೂರಲಿಲ್ಲ. ಬಾಗಿಲಲ್ಲೇ ನಿಂತು ಮೇಲೆ ನೋಡಿದರು. ಕಾಡಸಿದ್ದಪ್ಪನೂ ಗಲ್ಲಾಪೆಟ್ಟಿಗೆಯ ಹಿಂದಿನಿಂದ ಎದ್ದು ನಿಂತು, ಅವರು ನೋಡುತ್ತಿದ್ದ ಕಡೆಗೇ ನೋಡಿದ. ಅಲ್ಲಿ ಹೊಸದೇನೂ ಕಾಣಲಿಲ್ಲ.

"ಇದೇನ್ರೀ ಇದು?"

"ಅಟ್ಟ ಸಾರ್."

"ಅಟ್ಟ ಅನ್ನೋದು ಕಾಣುತ್ತೆ. ಅದರ ಮೇಲೆ?"

"ಕಾಯಿ ಸಾರ್."

"ಕಾಯಿ ಕೆಳಗೆ ಜನ ಕೂತು ತಿಂತಾರಾ?"

ಕಾಡಸಿದ್ದಪ್ಪನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಕಿಬ್ಬನಹಳ್ಳಿ ಕ್ರಾಸಿನಲ್ಲಿ ಅವನ ಅಪ್ಪ ಹೋಟೆಲು ಇಟ್ಟಾಗಿನಿಂದಲೂ ಬೆಂಚುಗಳ ಮೇಲೆ ಬಿದಿರಿನ ಅಟ್ಟವಿತ್ತು. ತೋಟದ ಕಾಯಿ ಮಳೆಗಾಲದ ಹೊತ್ತಿಗೆ ಸಿಪ್ಪೆ ಸಮೇತ ಅಟ್ಟಕ್ಕೆ ಏರುತ್ತಿತ್ತು. ಒಲೆಯ ಹೊಗೆ, ಹೆಂಚಿನ ಬಿಸಿ ಎರಡನ್ನೂ ಕುಡಿದು ಒಳಗಿನ ನೀರು ಆರಿ, ಹೆಚ್ಚುಕಡಿಮೆ ಒಂದು ವರ್ಷಕ್ಕೆ ಉಂಡೆ ಕೊಬ್ಬರಿಯಾಗಿ ಇಳಿಯುತ್ತಿತ್ತು. ಅದರ ಕೆಳಗೆ ಜನ ಇಡ್ಲಿ ತಿನ್ನುತ್ತಿದ್ದರು. ಈ ಸೀಮೆಯಲ್ಲಿ ಮಕ್ಕಳು ಹುಟ್ಟುತ್ತಿದ್ದದ್ದೂ ಅಟ್ಟದ ಕೆಳಗೆ, ಮುದುಕರು ಮಲಗುತ್ತಿದ್ದದ್ದೂ ಅಟ್ಟದ ಕೆಳಗೆ.

"ಬಿದ್ದರೆ?" ಎಂದರು ಇನ್ಸ್‌ಪೆಕ್ಟರು.

"ಬೀಳಲ್ಲ ಸಾರ್. ಒಣಗ್ತವೆ."

ಸದಾಶಿವಯ್ಯನವರು ಮುಳಬಾಗಿಲ ಕಡೆಯವರು. ಕೆಟ್ಟ ಮನುಷ್ಯರಲ್ಲ. ಕಾಫಿ ಕೊಟ್ಟರೆ ಕಾಸು ಕೊಡದೆ ಏಳುತ್ತಿರಲಿಲ್ಲ. ಆದರೆ ಎಲ್ಲಿಗೆ ಹೋದರೂ ಮೊದಲು ಮೇಲೆ ನೋಡುವವರು. ಹಿಂದೆ ಕೆಲಸ ಮಾಡುತ್ತಿದ್ದ ಊರಲ್ಲಿ ಕಣ್ಣೆದುರಿಗೇ ಕಿಟಕಿಯ ಮೇಲಿನ ಒಂದು ಸಜ್ಜಾ ಕುಸಿದು ಮನುಷ್ಯನ ಮೇಲೆ ಬಿದ್ದಿತ್ತಂತೆ. ಅದನ್ನು ಅವರು ಒಂದೇ ಮಾತಿನಲ್ಲಿ ಹೇಳಿ ಮುಗಿಸಿದರು. ಆ ಮನುಷ್ಯ ಏನಾದ ಎಂದು ಕಾಡಸಿದ್ದಪ್ಪ ಕೇಳಲಿಲ್ಲ.

"ಹಂಗಾದ್ರೆ ಬೆಂಚು ಹೊರಗೆ ಹಾಕಿಸ್ಲಾ ಸಾರ್?"

ಇಬ್ಬರೂ ಹೊರಗೆ ಬಂದರು. ಹೋಟೆಲಿನ ಅಂಗಳದಲ್ಲಿ ತೆಂಗಿನ ಮರಗಳಿದ್ದವು. ಸದಾಶಿವಯ್ಯನವರು ಮತ್ತೆ ಮೇಲೆ ನೋಡಿದರು. ಎರಡು ಹೆಜ್ಜೆ ಸರಿದರು, ಮತ್ತೆ ನೋಡಿದರು. ಅಲ್ಲೂ ಗೊನೆ. ಪಕ್ಕದ ಸೈಕಲ್ ಶಾಪಿನ ಕಡೆ ಹೋದರು. ಅಲ್ಲಿಗೂ ಬಾಗಿದ ಒಂದು ಮರ. ತಲೆಯ ಮೇಲೆ ಏನೂ ಇಲ್ಲದ ಜಾಗವನ್ನು ಹುಡುಕುತ್ತ ಹುಡುಕುತ್ತ ಕೊನೆಗೆ ಅವರು ರಸ್ತೆಯ ನಡುಮಧ್ಯೆ ಹೋಗಿ ನಿಂತರು. ತಿಪಟೂರಿನ ಕಡೆಯಿಂದ ಬಂದ ಲಾರಿಯೊಂದು ಹಾರನ್ ಹೊಡೆಯಿತು. ಡ್ರೈವರ್ ಏನೋ ಬೈದ. ಅವರು ಬೆವರು ಒರೆಸಿಕೊಂಡು ವಾಪಸು ಬಂದರು.

"ಕಾಯಿ ಇಳಿಸಿಬಿಡಿ," ಎಂದರು. ದನಿಯಲ್ಲಿ ಜೋರಿರಲಿಲ್ಲ, ಬೇಡಿಕೊಂಡ ಹಾಗಿತ್ತು. "ತಿಂಗಳ ಕೊನೆಗೆ ನಿಮ್ಮ ಲೈಸೆನ್ಸು ನನ್ನ ಮುಂದೆ ಬರುತ್ತೆ. ಮೇಲೆ ಕಾಯಿದ್ದರೆ ನಾನು ಸಹಿ ಹಾಕೋಕಾಗಲ್ಲ. ಕಾಲ ಎಂಥದು ಅಂತ ನಿಮಗೂ ಗೊತ್ತಲ್ಲ."

ಅದು ಎಮರ್ಜೆನ್ಸಿಯ ಕಾಲ. ಬಸ್ಸುಗಳು ಹೊತ್ತಿಗೆ ಸರಿಯಾಗಿ ಬರುತ್ತಿದ್ದವು. ಗುಮಾಸ್ತರು ಕುರ್ಚಿಯಲ್ಲಿರುತ್ತಿದ್ದರು. ಯಾಕೆ ಎಂದು ಯಾರೂ ಯಾರನ್ನೂ ಕೇಳುತ್ತಿರಲಿಲ್ಲ.

ಕಾಯಿಯ ವಿಷಯವಲ್ಲದೆ ಅವರು ಇನ್ನೂ ಹಲವು ನಿಯಮಗಳನ್ನು ಹೇಳಿ ಹೋಗಿದ್ದರು. ನೀರು ಕುದಿಸಿಯೇ ಕೊಡಬೇಕು. ಲೋಟದೊಳಗೆ ಬೆರಳು ಅದ್ದಬಾರದು. ಒಂದು ಕಾಫಿಯನ್ನು ಇಬ್ಬರಿಗೆ ಹಂಚಿ ಬೈಟು ಕೊಡಬಾರದು. ಬಿಸಿ ಪದಾರ್ಥ ಇಡುವ ಮುಂಚೆ ಗಿರಾಕಿಗೆ ಎಚ್ಚರಿಕೆ ಹೇಳಬೇಕು. ಸುತ್ತಮುತ್ತ ಕಾಮಾಲೆ ಇದ್ದದ್ದರಿಂದ, ಜ್ವರ ಬಂದವರನ್ನು ದೂರ ಕೂರಿಸಬೇಕು. ಲೈಸೆನ್ಸಿನ ಭಯಕ್ಕೆ ಕಾಡಸಿದ್ದಪ್ಪ ಎಲ್ಲವನ್ನೂ ಒಪ್ಪಿಕೊಂಡ. ಒಪ್ಪಿಕೊಂಡದ್ದಕ್ಕಿಂತ ಒಂದು ಕೈ ಹೆಚ್ಚಾಗಿಯೇ ಸಪ್ಲೈಯರ್ ಮಾಯಣ್ಣನಿಗೆ ಕಲಿಸಿದ. ನಲವತ್ತು ದಾಟಿದ ಮಾಯಣ್ಣ ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು.

"ಸ್ವಾಮಿ, ಜ್ವರ ಐತಾ?" ಎಂದು ಮಾಯಣ್ಣ ದೊಡ್ಡರಂಗಯ್ಯನನ್ನು ಕೇಳಿದ. ದೊಡ್ಡರಂಗಯ್ಯ ಪಕ್ಕದ ಹಳ್ಳಿಯ ತೋಟದವನು. ದಿನಾ ಬೆಳಿಗ್ಗೆ ಮೂಲೆ ಬೆಂಚಿನಲ್ಲಿ ಕೂರುವವನು.

"ನಂಗ್ಯಾಕ್ಲಾ ಜ್ವರ?"

"ವಾಂತಿ ಏನಾರ?"

"ಲೇ, ನಾನು ಇಡ್ಲಿ ಕೇಳ್ದೆ ಕಣ್ಲಾ. ವಾಂತಿ ಎಲ್ಲಿಂದ ಬಂತು?"

"ಇಡ್ಲಿ ಬಿಸಿ ಐತೆ. ಹುಷಾರು."

"ತಣ್ಣಗಾಗಿದ್ರೆ ಹೇಳು. ಬಿಸಿ ಐತೆ ಅಂತ ಯಾವನಾದ್ರೂ ಹೆದರಿಸ್ತಾನಾ?" ದೊಡ್ಡರಂಗಯ್ಯ ನೀರಿನ ಲೋಟಕ್ಕೆ ಕೈ ಹಾಕಿ ಹಿಂದಕ್ಕೆಳೆದುಕೊಂಡ. "ಇದೇನು ಸಿದ್ದಪ್ನೋರೇ, ಕಾಯ್ಸಿದ ನೀರು ಕೊಡ್ತಿದ್ದೀರಿ. ನಾನೇನು ಬಾಣಂತಿಯಾ?"

ಇಡೀ ಹೋಟೆಲು ನಕ್ಕಿತು. ಆ ದಿನಗಳಲ್ಲಿ ಇನ್ನೂ ನಗುತ್ತಿದ್ದರು. ಬೈಟು ಇಲ್ಲವೆಂದಾಗ ಕೊಬ್ಬರಿ ದಲ್ಲಾಳಿ ಮರುಳಪ್ಪ, ಒಂದು ಪೂರ್ತಿ ಕಾಫಿ ತರಿಸಿ ಅರ್ಧ ಕುಡಿದು, ಉಳಿದದ್ದನ್ನು ತನ್ನ ಪಕ್ಕದವನ ಮುಂದೆ ತಳ್ಳಿ, "ಇದು ಬೈಟು ಅಲ್ಲ ಕಣಪ್ಪ, ದಾನ," ಎಂದ. ಮತ್ತೆ ನಗು. ಗಲ್ಲಾದಲ್ಲಿ ಕೂತ ಕಾಡಸಿದ್ದಪ್ಪನೂ ನಕ್ಕ. ನಿಯಮಗಳಿಂದ ಏನೂ ಕೆಡುವುದಿಲ್ಲ ಎಂದು ಅವನಿಗೆ ಅನ್ನಿಸಿತು. ಉಳಿದದ್ದು ಕಾಯಿ ಮಾತ್ರ.

ಕಾಯಿಯನ್ನು ಎಲ್ಲಿಡುವುದು ಎಂದು ಅವನು ಹೆಂಡತಿಯೊಡನೆ ಮಾತಾಡಿದ. ಒಳಗೆ ಒಲೆಯ ಮುಂದೆ ದಿನವೆಲ್ಲ ನಿಲ್ಲುವವಳು ವಿಮಲಮ್ಮ. ಇನ್ಸ್‌ಪೆಕ್ಟರ್ ಬಂದ ದಿನ ಅಡುಗೆಮನೆಯ ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

"ದಬ್ಬೇಘಟ್ಟದಲ್ಲಿ ಭಾವನೋರ ಅಟ್ಟದಲ್ಲಿ ಜಾಗ ಐತಲ್ಲ," ಎಂದಳು.

"ನೀರು ಆರೈತೆ, ಕೊಬ್ಬರಿ ಇನ್ನೂ ಚಿಪ್ಪು ಬಿಟ್ಟಿಲ್ಲ. ಈಗ ಅಲ್ಲಾಡಿಸಿದ್ರೆ ಒಂದಷ್ಟು ಕೆಡ್ತವೆ."

"ಕೆಟ್ಟಷ್ಟು ಕೆಡ್ಲಿ. ಹೋಟ್ಲು ಮುಚ್ಚಿದ್ರೆ?"

ಕಾಡಸಿದ್ದಪ್ಪ ಅಣ್ಣನಿಗೆ ಹೇಳಿ ಕಳಿಸಿದ. ಒಂದು ಬೆಳಿಗ್ಗೆ ದಬ್ಬೇಘಟ್ಟದಿಂದ ಅಣ್ಣ ಬಸವರಾಜಪ್ಪನ ಗಾಡಿಗಳು ಬಂದವು. ಮಾಯಣ್ಣ ಅಟ್ಟ ಹತ್ತಿ ಕಾಯಿ ಕೊಟ್ಟ. ಕೆಳಗೆ ನಿಂತವರು ಒಬ್ಬರಿಂದ ಒಬ್ಬರಿಗೆ ಸಾಗಿಸಿ ಗಾಡಿಗೆ ತುಂಬಿದರು. ಕ್ರಾಸಿನಲ್ಲಿ ಬಸ್ಸಿಗೆ ಕಾದಿದ್ದವರು, ಬೀಡಾ ಅಂಗಡಿಯವನು, ಸೈಕಲ್ ಶಾಪಿನವನು, ಎಲ್ಲರೂ ನೋಡುತ್ತಿದ್ದರು. ಯಾರಾದರೂ ಏನಾದರೂ ಕೇಳುತ್ತಾರೆಂದು ಕಾಡಸಿದ್ದಪ್ಪ ಉತ್ತರ ಸಿದ್ಧ ಮಾಡಿಕೊಂಡಿದ್ದ. ಯಾರೂ ಕೇಳಲಿಲ್ಲ. ದೊಡ್ಡರಂಗಯ್ಯ ಬಾಗಿಲವರೆಗೆ ಬಂದವನು ಗಾಡಿ ನೋಡಿ, ಹೆಗಲ ಟವೆಲ್ಲನ್ನು ಕೈಗೆ ತೆಗೆದುಕೊಂಡು ಸ್ವಲ್ಪ ಹೊತ್ತು ನಿಂತು, ಒಳಗೆ ಬರದೆ ಹೋದ.

ಏರಿಸಿದ ಕಾಯಿಯನ್ನು, ಅಲ್ಲಾಡಿಸಿದಾಗ ಒಳಗೆ ಕೊಬ್ಬರಿ ಲೊಟಗುಟ್ಟುವವರೆಗೆ, ಈ ಕಡೆ ಯಾರೂ ಇಳಿಸುವುದಿಲ್ಲ. ನಡುವರ್ಷದಲ್ಲಿ ಅಟ್ಟ ಇಳಿಯುವುದು ಅಣ್ಣತಮ್ಮಂದಿರು ಪಾಲಾದ ಮನೆಯಲ್ಲಿ, ಇಲ್ಲವೇ ಸಾಲದಲ್ಲಿ ಮುಳುಗಿದ ಮನೆಯಲ್ಲಿ. ಇಂಥ ಮನೆಯ ಮುಂದೆ ಗಾಡಿ ನಿಂತಾಗ ಮಾತಾಡಿಸದೆ ಹೋಗುವುದೇ ಮರ್ಯಾದೆ. ಇದು ಕಾಡಸಿದ್ದಪ್ಪನಿಗೂ ಗೊತ್ತಿದ್ದದ್ದೇ. ಬೇರೆಯವರ ಮನೆಗಳ ಮುಂದೆ ಅವನೂ ಹಾಗೇ ನಡೆದು ಹೋಗಿದ್ದ. ಆದರೆ ಆ ಬೆಳಿಗ್ಗೆ ಅವನ ತಲೆಯಲ್ಲಿ ಲೈಸೆನ್ಸು ಬಿಟ್ಟು ಬೇರೇನೂ ಇರಲಿಲ್ಲ. ತಾನೇ ಆ ಮನೆಯಾಗಬಹುದು ಎಂದು ಹೊಳೆಯಲೇ ಇಲ್ಲ.

ಮಾರನೆಯ ದಿನ ಹೋಟೆಲಿಗೆ ಜನ ಬಂದರು. ಬಂದವರು ಒಮ್ಮೆ ಮೇಲೆ ನೋಡಿ, ಕಣ್ಣು ಇಳಿಸಿ, ಕೂತರು. ಬಿದಿರಿನ ಸಂದಿಯಿಂದ ಹೆಂಚು ಕಾಣುತ್ತಿತ್ತು, ಅಲ್ಲಲ್ಲಿ ಬಿಸಿಲಿನ ಚುಕ್ಕೆಗಳು ಮೇಜಿನ ಮೇಲೆ ಬೀಳುತ್ತಿದ್ದವು. ಮಾಯಣ್ಣ ಜ್ವರದ ಪ್ರಶ್ನೆ ಕೇಳಿದರೆ "ಇಲ್ಲಪ್ಪ" ಎಂದು ಮೆತ್ತಗೆ ಹೇಳಿದರು. ಬಿಸಿನೀರನ್ನು ಮಾತಿಲ್ಲದೆ ಕುಡಿದರು. ತಿಂಡಿ ತಿಂದು ಬೇಗ ಎದ್ದರು. ಹೋಗುವಾಗ ಗಲ್ಲಾದ ಮುಂದೆ ಒಂದು ಗಳಿಗೆ ಹೆಚ್ಚಾಗಿ ನಿಂತು, ಏನೋ ಹೇಳಲು ಬಾಯಿ ತೆರೆದು, "ಬರ್ತೀನಿ ಸಿದ್ದಪ್ನೋರೇ," ಎಂದಷ್ಟೇ ಹೇಳಿ ಹೋದರು.

ಕಾಡಸಿದ್ದಪ್ಪ ಮೊದಲಿಗೆ ಇದು ಸೆಕೆಯ ಆಯಾಸ ಎಂದುಕೊಂಡ. ಕಾಯಿಯಿದ್ದಾಗ ಹೆಂಚಿನ ಝಳ ಕೆಳಗಿಳಿಯುತ್ತಿರಲಿಲ್ಲ. ಒಂದು ವಾರ ಕಳೆಯುವ ಹೊತ್ತಿಗೆ ಎದುರುಗಡೆಯ ಟೀ ಅಂಗಡಿಯಲ್ಲಿ ತನ್ನ ಗಿರಾಕಿಗಳು ನಿಂತು ನಗುವುದು ಇಲ್ಲಿಗೆ ಕೇಳಿಸತೊಡಗಿತು. ಹಿತ್ತಿಲ ಬಾಗಿಲಿಗೆ ನೆರೆಮನೆಯ ಬೋರಮ್ಮ ಬಂದು ಒಂದು ಮೊರ ಅವರೆಕಾಯಿಯನ್ನು ವಿಮಲಮ್ಮನ ಮಡಿಲಿಗೆ ಸುರಿದು, "ಅಳಬ್ಯಾಡ ಕಣವ್ವ," ಎಂದು ಹೇಳಿ ಹೋದಳಂತೆ. ವಿಮಲಮ್ಮ ಅಳುತ್ತಿರಲಿಲ್ಲ. ಈರುಳ್ಳಿ ಹೆಚ್ಚುತ್ತಿದ್ದಳು.

ಮರುಳಪ್ಪ ಒಂದು ಮಧ್ಯಾಹ್ನ ಗಲ್ಲಾದ ಪಕ್ಕಕ್ಕೆ ಸ್ಟೂಲು ಎಳೆದುಕೊಂಡು ಕೂತ. ಅವನೂ ಕಾಡಸಿದ್ದಪ್ಪನೂ ಒಂದೇ ಶಾಲೆಯಲ್ಲಿ ಓದಿದವರು.

"ಲೇ ಸಿದ್ದ, ನನ್ನತ್ರ ಹೇಳ್ಕಳ್ಲಾ. ಮನಸ್ಗೆ ಹಗುರಾಗ್ತದೆ."

"ಏನ್ಲಾ ಹೇಳೋದು?"

"ಅಟ್ಟ ಯಾಕೆ ಇಳಿಸ್ದೆ?"

"ಇನ್ಸ್‌ಪೆಕ್ಟ್ರು ಇಳಿಸು ಅಂದ್ರು, ಇಳಿಸ್ದೆ."

"ಯಾಕಂತೆ?"

"ಕಾಯಿ ತಲೆ ಮೇಲೆ ಬೀಳ್ತವಂತೆ."

ಮರುಳಪ್ಪ ಬಹಳ ಹೊತ್ತು ಅವನ ಮುಖ ನೋಡಿದ. ನಗುತ್ತಾನೇನೋ ಎಂದು ಕಾಡಸಿದ್ದಪ್ಪ ಕಾದ. ಮರುಳಪ್ಪ ನಗಲಿಲ್ಲ. ಅವನ ಭುಜದ ಮೇಲೆ ಕೈಯಿಟ್ಟ.

"ಸರಿ ಬುಡು. ಹೇಳಕ್ಕೆ ಇಷ್ಟ ಇಲ್ದಿದ್ರೆ ಬುಡು. ಸುಳ್ಳು ಯಾಕೆ ಹೇಳ್ತೀಯ?"

"ಸುಳ್ಳಲ್ಲ ಕಣ್ಲಾ!"

"ಆಯ್ತು ಆಯ್ತು, ಕೂಗಬ್ಯಾಡ," ಎಂದು ಮರುಳಪ್ಪ ಸುತ್ತ ನೋಡಿದ. ಜೋರಾಗಿ ಮಾತಾಡುವುದೂ ಈಗ ಮುಳುಗಿದ ಮನೆಯ ಒಂದು ಲಕ್ಷಣವಾಗಿ ಕಾಣುತ್ತಿತ್ತು.

ಆ ಸಂಜೆ ಕಾಡಸಿದ್ದಪ್ಪ ತನ್ನ ಉತ್ತರವನ್ನು ತನಗೇ ಹೇಳಿಕೊಂಡು ನೋಡಿದ. ಕಾಯಿ ತಲೆ ಮೇಲೆ ಬೀಳುತ್ತವೆ ಎಂದು ಇಳಿಸಿದೆ. ನಿಜವೇ. ಆದರೆ ಬೇರೆ ಯಾರಾದರೂ ಬಂದು ತನಗೆ ಹೀಗೆ ಹೇಳಿದ್ದರೆ ತಾನೂ ನಂಬುತ್ತಿರಲಿಲ್ಲ. ನಿಜವೊಂದು ಹೀಗೆ ನಂಬಲು ಬಾರದಂತೆ ಇರಬಹುದೇ ಎಂದು ಅವನಿಗೆ ವಿಚಿತ್ರವಾಯಿತು.

ತಿಂಗಳ ಕೊನೆಗೆ ಸದಾಶಿವಯ್ಯನವರು ಬಂದರು. ಬಾಗಿಲಲ್ಲಿ ನಿಂತು ಮೇಲೆ ನೋಡಿದರು. ಅವರ ಮುಖ ಸಡಿಲವಾಯಿತು. ಮೊದಲ ಸಲ ಬೆಂಚಿನ ಮೇಲೆ ಆರಾಮವಾಗಿ ಕೂತು, ದೋಸೆ ತರಿಸಿಕೊಂಡು ತಿಂದು, ಸಹಿ ಹಾಕಿದರು.

"ಸಾರ್, ಒಂದು ಉಪಕಾರ," ಎಂದ ಕಾಡಸಿದ್ದಪ್ಪ. "ನೀವೇ ಇಳಿಸೋಕೆ ಹೇಳಿದ್ದು ಅಂತ ಇವರಿಗೆಲ್ಲ ಒಂದು ಮಾತು ಹೇಳಿ."

"ಯಾಕ್ರೀ?"

"ನಂಬ್ತಾ ಇಲ್ಲ ಸಾರ್."

ಸದಾಶಿವಯ್ಯನವರಿಗೆ ತಿಳಿಯಲಿಲ್ಲ. ಆದರೂ ಒಳ್ಳೆಯವರಾದ್ದರಿಂದ ಕೈ ಒರೆಸಿಕೊಂಡು ಎದ್ದು ನಿಂತರು. ಅಲ್ಲಲ್ಲಿ ಚದುರಿ ಕೂತಿದ್ದ ಗಿರಾಕಿಗಳ ಕಡೆ ತಿರುಗಿ, "ನೋಡಿ, ಇವರ ಅಟ್ಟ ಇಳಿಸಿದ್ದು ನಾನೇ. ನನ್ನ ಆರ್ಡರ್ ಅದು," ಎಂದರು.

ಮರುಳಪ್ಪ ಕಾಫಿಯ ಲೋಟವನ್ನು ಸದ್ದಾಗದಂತೆ ಕೆಳಗಿಟ್ಟ. ಇನ್ಸ್‌ಪೆಕ್ಟರ್ ತಮ್ಮ ಸೈಕಲ್ಲು ಹತ್ತಿ ಹೋದರು. ಆಮೇಲೆ ಗಿರಾಕಿಗಳೂ ಒಬ್ಬೊಬ್ಬರಾಗಿ ಎದ್ದು ಹೊರಟರು. ಎದುರಿನ ಅಂಗಡಿಯಲ್ಲಿ ಯಾರೋ "ರೇಡು" ಎಂದದ್ದು ಮಾಯಣ್ಣನ ಕಿವಿಗೆ ಬಿತ್ತು. ಮುಚ್ಚಿಟ್ಟ ದಾಸ್ತಾನಿನ ಮೇಲೆ ಸರ್ಕಾರ ಬಿದ್ದಿದೆ, ಆಫೀಸರೇ ಬಂದು ತನ್ನ ಬಾಯಿಂದ ಒಪ್ಪಿಕೊಂಡ ಎಂದು ಸಂಜೆಯ ಹೊತ್ತಿಗೆ ಸುದ್ದಿ ತುರುವೇಕೆರೆ ಬಸ್ಸು ಹತ್ತಿತ್ತು.

ಸುದ್ದಿ ಕೇಳಿ ದಬ್ಬೇಘಟ್ಟದಿಂದ ಬಸವರಾಜಪ್ಪನೇ ಬಂದ. ಮಾತು ಕಡಿಮೆಯ ಮನುಷ್ಯ. ಒಂದು ಕಾಫಿ ಕುಡಿದು ಮುಗಿಸಿದ.

"ನಮ್ಮೂರಲ್ಲಿ ನನ್ನ ಬೈತಾವ್ರೆ ಕಣೋ," ಎಂದ. "ತಮ್ಮನ ಜೊತೆ ಪಾಲಾಗಿ ಕಾಯಿ ಹೊಡ್ಕಂಡ ಅಂತ."

"ನೀನು ಹೇಳ್ಬೇಕಾಗಿತ್ತು, ಇಟ್ಟಿರೋದು ಅಂತ."

"ಹೇಳ್ದೆ. ಯಾರು ಕೇಳ್ತಾರೆ?" ಬಸವರಾಜಪ್ಪ ಖಾಲಿ ಲೋಟದ ತಳ ನೋಡಿದ. "ಸಿದ್ದ, ರೇಡೇನಾದ್ರೂ ಆಗಿದ್ರೆ ನಂಗಾದ್ರೂ ಹೇಳಪ್ಪ. ನಾನು ನಿನ್ನಣ್ಣ."

ಕಾಡಸಿದ್ದಪ್ಪ ಅಣ್ಣನನ್ನು ನೋಡುತ್ತ ಕೂತ. ಕಾಯಿಗಳನ್ನು ತನ್ನ ಕೈಯಾರೆ ಅಟ್ಟಕ್ಕೆ ಏರಿಸಿಕೊಂಡವನು ಇವನು. ಯಾಕೆ ತಂದದ್ದು ಎಂದು ಮೊದಲ ದಿನವೇ ಕೇಳಿ ತಿಳಿದವನು. ಈಗ ಅವನ ಕಣ್ಣಲ್ಲೂ ಮರುಳಪ್ಪನ ಕಣ್ಣಲ್ಲಿದ್ದ ಅದೇ ಮರುಕ ಇತ್ತು.

ಯುಗಾದಿಯ ಹಿಂದಿನ ದಿನಗಳು. ವ್ಯಾಪಾರ ಜೋರಾಗಿರಬೇಕಾದ ಕಾಲ. ಹಿಟ್ಟು ಮಿಕ್ಕು ಹುಳಿಯಾಗುತ್ತಿತ್ತು. ಮಾಯಣ್ಣ ಬಾಗಿಲಿಗೊರಗಿ ನಿಂತು ಬಸ್ಸುಗಳನ್ನು ನೋಡುತ್ತಿದ್ದ. ಅವನಿಗೆ ಬೇರೆ ಕಡೆಯಿಂದ ಕರೆ ಬಂದಿದೆ ಎಂದು ವಿಮಲಮ್ಮ ಹೇಳಿದಳು. ಲೈಸೆನ್ಸು ಕಟ್ಟು ಹಾಕಿಸಿಕೊಂಡು ಗಲ್ಲಾದ ಹಿಂದೆ ತೂಗುತ್ತಿತ್ತು. ಹೀಗೇ ಹೋದರೆ ಮಳೆಗಾಲದ ಮುಂಚೆ ಹೋಟೆಲನ್ನು ತಾನೇ ಮುಚ್ಚಬೇಕಾಗುತ್ತದೆ ಎಂದು ಕಾಡಸಿದ್ದಪ್ಪನಿಗೆ ಸ್ಪಷ್ಟವಾಗಿ ಕಂಡಿತು. ಸ್ಪಷ್ಟವಾಗಿ ಕಂಡದ್ದು ಅದೊಂದೇ. ಅಲ್ಲಿಗೆ ಹೇಗೆ ಬಂದೆ ಎನ್ನುವುದು ಎಷ್ಟು ಯೋಚಿಸಿದರೂ ಹಿಡಿತಕ್ಕೆ ಸಿಗಲಿಲ್ಲ. ಹೇಳಿದ ನಿಯಮ ಒಂದನ್ನೂ ಅವನು ಮೀರಿರಲಿಲ್ಲ.

ಅಂಥ ಒಂದು ಬೆಳಿಗ್ಗೆ ಮೂಲೆ ಬೆಂಚಿನಲ್ಲಿ ದೊಡ್ಡರಂಗಯ್ಯ, ಗೋಡೆಯ ಬದಿಗೆ ಮರುಳಪ್ಪ, ಬಸ್ಸಿಗೆ ಕಾಯುತ್ತಿದ್ದ ಇನ್ನು ಕೆಲವರು. ಚಮಚದ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ತಿಂದು ಮುಗಿಸಿದ ದೊಡ್ಡರಂಗಯ್ಯ ಗಲ್ಲಾದ ಹತ್ತಿರ ಬಂದ. ಚಿಲ್ಲರೆ ಇಟ್ಟ ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳದೆ ಕಾಡಸಿದ್ದಪ್ಪನ ಕೈ ಹಿಡಿದುಕೊಂಡ. ತೋಟದ ಕೆಲಸದ ಒರಟು ಕೈ, ಬೆಚ್ಚಗಿತ್ತು.

"ಏನಾಯ್ತು ಸಿದ್ದಪ್ನೋರೇ? ಒಂದ್ಮಾತು ಹೇಳಿ."

ಕಾಡಸಿದ್ದಪ್ಪ ಇನ್ಸ್‌ಪೆಕ್ಟ್ರು ಎನ್ನಲು ಬಾಯಿ ತೆರೆದ. ಆ ಮಾತು, ಎಷ್ಟೋ ಸಲ ಹೇಳಿ ಸವೆದು ಹೋದದ್ದರಿಂದಲೋ ಏನೋ, ಹೊರಗೆ ಬರಲಿಲ್ಲ. ಬಿಸಿಲಿನ ಚುಕ್ಕೆಯೊಂದು ದೊಡ್ಡರಂಗಯ್ಯನ ಕೆನ್ನೆಯ ಮೇಲಿತ್ತು. ಎಲ್ಲರೂ ಕೈ ತಡೆದು ಕೂತಿದ್ದರು.

"ಆಗೋಯ್ತು ಕಣಪ್ಪ," ಎಂದ. "ಏನ್ಮಾಡೋದು."

ಹೋಟೆಲಿನ ತುಂಬ ಒಂದು ದೊಡ್ಡ ಉಸಿರು ಹೊರಬಿದ್ದ ಹಾಗಾಯಿತು.

"ಹಂಗನ್ನಿ ಮತ್ತೆ!" ಎಂದ ದೊಡ್ಡರಂಗಯ್ಯ. ಕಣ್ಣು ಒದ್ದೆಯಾಗಿತ್ತು. "ಇಷ್ಟು ದಿನ ಹೊಟ್ಟೇಲಿ ಇಟ್ಕಂಡಿದ್ರಲ್ಲ. ಯಾರ ಮನೇಲಿ ಆಗಲ್ಲ ಹೇಳಿ? ನಮ್ಮ ದೊಡ್ಡಪ್ಪನ ಕಾಲ್ದಲ್ಲಿ ನಮ್ಮ ಅಟ್ಟಾನೂ ಇಳೀತು." ಹೋಗಬೇಕಾದವನು ವಾಪಸು ಬೆಂಚಿಗೆ ಹೋಗಿ ಕೂತ. "ಮಾಯಣ್ಣ, ಇನ್ನೊಂದು ಕಾಫಿ ತಗಂಬಾ."

"ನಾನು ಹೇಳಿರ್ಲಿಲ್ವಾ?" ಎಂದು ಮರುಳಪ್ಪ ಎಲ್ಲರ ಕಡೆ ನೋಡಿದ. "ಲೇ ಸಿದ್ದ, ಅವತ್ತೇ ಬಾಯಿ ಬಿಟ್ಟಿದ್ರೆ ನಾನಿರ್ಲಿಲ್ವೇನ್ಲಾ? ದೊಡ್ಡ ಮನುಷ್ಯ ಆಗ್ಬುಟ್ಟ ಇವನು. ಬಿಡ್ರಪ್ಪ, ಇನ್ನು ಅದನ್ನ ಎತ್ತಬ್ಯಾಡಿ. ಮಾಯಣ್ಣ, ನಂಗೊಂದು ಮಸಾಲೆ. ಜ್ವರ ಇಲ್ಲ, ವಾಂತಿ ಇಲ್ಲ, ಭೇದಿ ಇಲ್ಲ, ತಾ!"

ಯಾರೋ ನಕ್ಕರು. ಬಸ್ಸಿಗೆ ಕಾಯುತ್ತಿದ್ದವನೊಬ್ಬ ತನ್ನ ಭಾವಮೈದುನನ ಮನೆ ಮುರಿದ ಕಥೆ ಶುರು ಮಾಡಿದ. ಇನ್ನೊಬ್ಬ ಅದಕ್ಕಿಂತ ದೊಡ್ಡದನ್ನು ಹೇಳಿದ. ಬಸ್ಸು ಬಂದು ನಿಂತು ಹೋಯಿತು, ಇಬ್ಬರು ಹತ್ತಲೇ ಇಲ್ಲ. ಎದುರಿನ ಟೀ ಅಂಗಡಿಯಲ್ಲಿದ್ದ ಕೆಲವರು ಗದ್ದಲ ಕೇಳಿ ರಸ್ತೆ ದಾಟಿ ಬಂದರು. ಮಾಯಣ್ಣ ಬಿಸಿ ಬಿಸಿ ಎಂದು ಕೂಗುತ್ತ ಬೆಂಚುಗಳ ನಡುವೆ ಓಡಾಡತೊಡಗಿದ. ಇನ್ನು ಹೋಟೆಲು ಮುಚ್ಚುವುದಿಲ್ಲ ಎಂದು ಕಾಡಸಿದ್ದಪ್ಪನಿಗೆ ತಿಳಿಯಿತು. ಸಂತೋಷವಾಗಬೇಕಿತ್ತು. ಯಾವ ಕಷ್ಟವನ್ನು ತಾನು ಒಪ್ಪಿಕೊಂಡೆ ಎಂದು ಯೋಚಿಸುತ್ತಿದ್ದವನಿಗೆ ಚಿಲ್ಲರೆ ಎಣಿಸಿದ್ದು ಎರಡು ಸಲ ತಪ್ಪಿತು.

ಜನ ಸ್ವಲ್ಪ ಇಳಿದ ಮೇಲೆ ಅವನು ಅಡುಗೆಮನೆಗೆ ಹೋದ. ವಿಮಲಮ್ಮ ಕಾವಲಿಯ ಮುಂದೆ ನಿಂತಿದ್ದಳು. ತಿರುಗಿ ನೋಡಲಿಲ್ಲ.

"ಏನು ಹೇಳಿದ್ರಿ ಅವರಿಗೆ?"

"ಏನೂ ಹೇಳ್ಲಿಲ್ಲ ಕಣೇ."

"ಕೇಳಿಸ್ತು. ಏನೋ ಆಗೋಯ್ತು ಅಂದ್ರಿ."

"ಸುಮ್ನೆ ಅಂದೆ."

"ಏನು ಆಗೋಗೈತೆ?"

"ನೀನೇ ಇದ್ಯಲ್ಲೇ ಅವತ್ತು, ಇನ್ಸ್‌ಪೆಕ್ಟ್ರು ಬಂದಾಗ. ಎಲ್ಲ ಕೇಳಿಸ್ಕಂಡ್ಯಲ್ಲ."

"ಇದ್ದೆ," ಎಂದಳು. ದೋಸೆಯ ಅಂಚನ್ನು ಎಬ್ಬಿಸಿದಳು, ಮತ್ತೆ ಹಾಗೇ ಬಿಟ್ಟಳು. "ಅದು ಅವರು ಹೇಳಿದ್ದು. ನೀವು ನಂಗೆ ಹೇಳ್ದೆ ಇರೋದು ಏನೈತೆ?"

ಕಾಡಸಿದ್ದಪ್ಪ ಅವಳ ಬೆನ್ನನ್ನು ನೋಡುತ್ತ ನಿಂತ. ಹೇಳಬೇಕಾದದ್ದು ಏನೂ ಇರಲಿಲ್ಲ. ಏನೂ ಇಲ್ಲ ಎಂದು ಹೇಳುವುದು ಹೇಗೆಂದು ಅವನಿಗೆ ಗೊತ್ತಾಗಲಿಲ್ಲ. ಹೊರಗಿನಿಂದ ಮಾಯಣ್ಣ ಎರಡು ಮಸಾಲೆ ಎಂದು ಕೂಗಿದ. ವಿಮಲಮ್ಮ ಸೆರಗಿನಿಂದ ಮುಖ ಒರೆಸಿಕೊಂಡು ಹಿಟ್ಟಿನ ಪಾತ್ರೆಗೆ ಕೈ ಹಾಕಿದಳು.